ಬಸ್ಸಾರಿಗೆ ಬಗೆದ ದ್ರೋಹ

ಮಳವಳ್ಳಿಯ ವರುಣ್ ಚೆನ್ನೈಗೆ ಬಂದದ್ದು ಎಂಜಿನಿಯರ್ ಆಗುವುದಕ್ಕೆ. ಆದರೆ ಚರಿತ್ರೆಗೆ ಎಂದಾದರೂ ಬಿಡುವಾಗಿ ಅವನ ಹೆಸರು ಬರೆಯುವಂತಾದರೆ, ಅದು ಅವನು ಮುಂದೆ ಕಟ್ಟಲಿರುವ ಸೇತುವೆಗಳಿಗಾಗಿ ಅಲ್ಲ. ವತ್ತ ಕೊಳಂಬಿನ ವಿರುದ್ಧ ಅವನು ಸಾರಿದ ಮಹಾಯುದ್ಧಕ್ಕಾಗಿ.

ವತ್ತ ಕೊಳಂಬು ಎಂದರೆ ತಮಿಳರು ಪ್ರಾಣಕ್ಕೆ ಸಮ ಎಂದು ತಿಳಿಯುವ ಒಂದು ಗೊಜ್ಜು. ಒಣಗಿಸಿದ ಸುಂಡೆಕಾಯಿಯನ್ನು ಎಣ್ಣೆಯಲ್ಲಿ ಹುರಿದು, ಹುಣಸೆರಸಕ್ಕೆ ಹಾಕಿ, ಆ ರಸ ತನ್ನ ಪೂರ್ವಜನ್ಮವನ್ನೆಲ್ಲ ಮರೆತು ಕಪ್ಪಾಗುವತನಕ ಕುದಿಸುತ್ತಾರೆ. ವರುಣ್ ಓದುತ್ತಿದ್ದ ಕಾಲೇಜಿನ ಹಾಸ್ಟೆಲಿನಲ್ಲಿ ಅದು ವಾರದ ಬಹುಪಾಲು ದಿನ ತಟ್ಟೆಗೆ ಬೀಳುತ್ತಿತ್ತು. ಉಳಿದ ದಿನ ಬೀಳುತ್ತಿದ್ದದ್ದಕ್ಕೆ ಸಾಂಬಾರು ಎಂದು ಹೆಸರು. ಎರಡಕ್ಕೂ ಇರುವ ವ್ಯತ್ಯಾಸ ಮೆಸ್ಸಿನ ಮೇಲ್ವಿಚಾರಕ ವಿಶ್ವನಾಥನ್ ಅವರಿಗೊಬ್ಬರಿಗೇ ತಿಳಿದಿತ್ತು. ಅವರು ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ವರುಣ್ ಸೊಪ್ಪಿನ ಮನೆಯಲ್ಲಿ ಬೆಳೆದವನು. ಸೊಪ್ಪು, ಕಾಳು ಬೇಯಿಸಿ, ಬಸಿದು, ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿ ಅವನ ಅಜ್ಜಿ ಮಾಡುತ್ತಿದ್ದ ಬಸ್ಸಾರು ಅವನ ಪಾಲಿಗೆ ಊಟ ಮಾತ್ರವಾಗಿರಲಿಲ್ಲ, ಧರ್ಮವಾಗಿತ್ತು. ಅಂಥವನು ಒಂದು ಇಡೀ ವರ್ಷ ಕಪ್ಪು ಗೊಜ್ಜನ್ನು ನುಂಗಿಕೊಂಡಿದ್ದ. ಎರಡನೆಯ ವರ್ಷದ ಹೊಸ್ತಿಲಲ್ಲಿ ಒಂದು ಮಧ್ಯಾಹ್ನ ಅವನೊಳಗೆ ಏನೋ ಕಡಿದುಹೋಯಿತು. ತಟ್ಟೆಯನ್ನು ಬೋರಲು ಹಾಕಿ, ಊಟದ ಬೆಂಚಿನ ಮೇಲೆ ನಿಂತ.

"ಇದನ್ನ ಸಾರು ಅಂತೀರಾ? ನಮ್ಮೂರ ಕೆರೆ ಬತ್ತಿದ್ಮೇಲೆ ತಳದಲ್ಲಿ ಉಳಿಯುತ್ತಲ್ಲ, ಅದಕ್ಕೆ ಇದಕ್ಕಿಂತ ರುಚಿ ಐತೆ! ಈ ಮೆಸ್ಸಿನ ಅನ್ನ ಇನ್ನೊಂದ್ಸಲ ಮುಟ್ಟಿದ್ರೆ ಕೇಳಿ!"

ಇಡೀ ಊಟದ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆಮೇಲೆ ಇಡೀ ಹಾಲ್ ಕೂತು ಊಟ ಮುಂದುವರಿಸಿತು. ಸೌಟು ಹಿಡಿದು ನಿಂತಿದ್ದ ವಿಶ್ವನಾಥನ್ ಭಾಷಣವನ್ನು ಪೂರ್ತಿ ಕೇಳಿ, ಒಂದು ಅಕ್ಷರವೂ ಅರ್ಥವಾಗದೆ, "ತಂಬಿ, ಅಪ್ಪಳಂ ವೇಣುಮಾ?" ಎಂದು ಹಪ್ಪಳ ತೋರಿಸಿ ವಿಚಾರಿಸಿದರು.

ಯುದ್ಧಕ್ಕೆ ಹೊರಟ ವರುಣನ ಬೆನ್ನಿಗೆ ನಿಂತವರು ಇಬ್ಬರು. ಒಬ್ಬ ಹಾಸನದ ಕಡೆಯ ದಿನೇಶ್. ಬಸ್ಸಾರು ಎಂಬ ಮಾತು ಕೇಳಿದರೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದವನು. ಇನ್ನೊಬ್ಬ ಪುತ್ತೂರಿನ ದೀಕ್ಷಿತ್. ಅವನಿಗೆ ಬಸ್ಸಾರು ಗೊತ್ತಿರಲಿಲ್ಲ, ಆದರೆ ಹಾಸ್ಟೆಲಿನ ಗೇಟು ರಾತ್ರಿ ಬೇಗ ಮುಚ್ಚುವುದು ಗೊತ್ತಿತ್ತು. ಕಡಲು ಇಷ್ಟು ಹತ್ತಿರ ಇಟ್ಟುಕೊಂಡು ಕೋಳಿಗಳ ಜೊತೆ ಮಲಗುವುದು ಅವನ ಮನಸ್ಸಿಗೆ ಒಪ್ಪಿಗೆಯಿರಲಿಲ್ಲ. ಮೂವರೂ ಹೊರಗೆ ಮನೆ ಮಾಡುವುದೆಂದು ತೀರ್ಮಾನವಾಯಿತು.

ಮಳವಳ್ಳಿಯಿಂದ ಅಪ್ಪ ಫೋನಿನಲ್ಲಿ ಒಪ್ಪಿಗೆ ಕೊಟ್ಟರು, ಆದರೆ ಬಾಲ ಸೇರಿಸಿ.

"ನೋಡ್ಲಾ, ಮೂರು ಜನ ಒಟ್ಗೆ ಇರ್ತೀರಿ ಅಂತ ಒಪ್ಕೋತಾ ಇವ್ನಿ. ಅದರಾಗೆ ಒಬ್ಬ ಕೈಕೊಟ್ರೂ ನೀನು ಗಂಟು ಕಟ್ಕಂಡು ವಾಪಸ್ ಹಾಸ್ಟೆಲ್ಗೇ ಹೋಗ್ಬೇಕು. ಕಾಣದ ಊರಲ್ಲಿ ಒಬ್ನೇ ಗೂಬೆ ಹಂಗೆ ಕೂತ್ಕಳ್ಳೋದು ಬ್ಯಾಡ."

"ಯಾರಪ್ಪಾ ಕೈಕೊಡೋರು? ಅವ್ರು ನನ್ನ ಪ್ರಾಣ!" ಎಂದ ವರುಣ್. ಮೆಸ್ಸಿಗೆ ಬೆನ್ನು ತೋರಿಸಿ ಬಂದವನು ಮತ್ತೆ ಅದರ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುವುದೆಂದರೆ ಅವನಿಗೆ ಸಾವಿಗಿಂತ ಕಡೆಯಾದ ಸಂಗತಿ. ಹಾಗಾಗಿ ಮನೆ ಉಳಿಯಬೇಕು. ಮನೆ ಉಳಿಯಬೇಕಾದರೆ ಮೂವರೂ ಉಳಿಯಬೇಕು. ಅವನ ಮಾನ ಇಬ್ಬರು ಗೆಳೆಯರ ಹೊಟ್ಟೆಯೊಳಗೆ ಅಡವಿತ್ತು ಎನ್ನುವುದೇ ಸರಿ.

ಹಾಸ್ಟೆಲಿಗೆ ಹತ್ತಿರದ ತ್ರಿಪ್ಲಿಕೇನ್‌ನಲ್ಲಿ ಮನೆ ಹುಡುಕುವುದು ಒಂದು ದಂಡಯಾತ್ರೆ. ಕಾಲೇಜು ಹುಡುಗರು ಎಂದ ಕೂಡಲೇ ಬಾಗಿಲುಗಳು ಮುಖದ ಮೇಲೆಯೇ ಮುಚ್ಚಿದವು. ಒಬ್ಬರು "ಮದುವೆ ಆಗಿ ಬನ್ನಿ" ಎಂದರು. ಕೊನೆಗೆ ಒಂದು ಕಿರುದಾರಿಯ ತುದಿಯಲ್ಲಿ, ನೆಲಮಹಡಿಯ ಕಿಟಕಿಯಿಂದ ಇವರ ಮಾತು ಕೇಳಿಸಿಕೊಂಡ ಕಲಾವತಮ್ಮ ತಾವಾಗಿಯೇ ಹೊರಬಂದರು.

"ಕನ್ನಡ ಪಸಂಗಳಾ? ಹುಡುಗ್ರೇ, ಬನ್ನಿ ಬನ್ನಿ. ನಾನೂ ಚನ್ನಪಟ್ಟಣದವಳೇ ಕಣ್ಣಾ. ಕಲ್ಯಾಣ ಆಗಿ ಇಲ್ಲಿ ಬಂದದ್ದು. ಇವರ ಮನೇಲಿ ಎಲ್ಲಾರೂ ತಮಿಳೇ ಪೇಸೋದು, ನನ್ ಕನ್ನಡ ಎಲ್ಲಾ ತುಕ್ಕು ಹಿಡಿದೋಯ್ತು. ಮಹಡಿ ಮೇಲೆ ಮನೆ ಖಾಲಿ ಇದೆ."

ಅವರ ಗಂಡ ರೈಲ್ವೆಯಲ್ಲಿದ್ದವರು, ತೀರಿಕೊಂಡು ಬಹಳ ದಿನವಾಗಿತ್ತು. ಮಗ ಮಸ್ಕತ್ತಿನಲ್ಲಿದ್ದ. ಕಲಾವತಮ್ಮನ ಕಾನೂನುಗಳು ಕಡಿಮೆ, ಆದರೆ ಕಲ್ಲಿನಲ್ಲಿ ಕೆತ್ತಿದಂಥವು: ನೀರಿನ ಮೋಟಾರು ಹಾಕುವುದು ಅವರು, ನಿಲ್ಲಿಸುವುದು ಅವರು, ಮತ್ತು ಹೊಸಮನೆಗೆ ಕಾಲಿಟ್ಟರೆ ಮೊದಲು ಹಾಲು ಕಾಯಿಸಬೇಕು. ಅದರಂತೆ ಒಂದು ಶುಕ್ರವಾರ ಬೆಳಿಗ್ಗೆ ಹೊಸ ಪಾತ್ರೆಯಲ್ಲಿ ಹಾಲು ಉಕ್ಕಿತು. ಉಕ್ಕಿದ ಹಾಲಿನ ಮುಂದೆ ವರುಣ್ ಕೈ ಚಾಚಿದ. ಅದರ ಮೇಲೆ ದಿನೇಶ್ ಕೈಯಿಟ್ಟ, ಅದರ ಮೇಲೆ ದೀಕ್ಷಿತ್ ಇಟ್ಟ.

"ಒಂದೇ ಒಲೆ, ಒಂದೇ ಸಾರು," ಎಂದ ವರುಣ್.

"ಒಂದೇ ಒಲೆ, ಒಂದೇ ಸಾರು," ಎಂದರು ಇಬ್ಬರೂ. ದಿನೇಶನ ಕಣ್ಣು ಎಂದಿನಂತೆ ಒದ್ದೆಯಾಗಿತ್ತು.

ಹೊರಗಿನ ಬಾಳಿನ ಮೊದಲ ದಿನಗಳು ಸ್ವರ್ಗಕ್ಕೆ ಸಮ. ಎಷ್ಟು ಹೊತ್ತಿಗೆ ಎದ್ದರೂ ಕೇಳುವವರಿಲ್ಲ. ಹಾಜರಿ ಕೂಗುವವರಿಲ್ಲ. ಸಂಜೆ ಮರೀನಾದ ಮರಳಿನ ಮೇಲೆ ಬಿದ್ದುಕೊಂಡು, ಹಾಸ್ಟೆಲಿನ ಗೇಟು ಈಗ ಮುಚ್ಚುತ್ತಿರಬಹುದು ಎಂದು ನೆನೆದು ಮೂವರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಆಮೇಲೆ ಸ್ವರ್ಗ ತನ್ನ ಖರ್ಚುವೆಚ್ಚವನ್ನು ಒಂದೊಂದಾಗಿ ಮುಂದಿಟ್ಟಿತು. ಹಾಸ್ಟೆಲಿನಲ್ಲಿ ಕಸ ಎಂಬುದು ತಾನಾಗಿ ಮಾಯವಾಗುತ್ತಿತ್ತು. ಇಲ್ಲಿ ಅದು ಇದ್ದಲ್ಲೇ ಇದ್ದು, ದಿನೇದಿನೇ ವಾಸನೆಯಿಂದ ತನ್ನ ಇರವನ್ನು ಸಾರುತ್ತಿತ್ತು. ಗ್ಯಾಸು ಯಾವಾಗಲೂ ಅನ್ನ ಅರ್ಧ ಬೆಂದ ಹೊತ್ತಿಗೇ ಮುಗಿಯುತ್ತಿತ್ತು. ಮೈಗೆ ಸೋಪು ಹಚ್ಚಿದ ಘಳಿಗೆಯಲ್ಲೇ ನಲ್ಲಿಯಲ್ಲಿ ನೀರು ನಿಂತು, ದೀಕ್ಷಿತ್ ಬಚ್ಚಲಿನಿಂದ "ಆಂಟೀ, ಮೋಟಾರ್!" ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಿದ್ದ. ಕಲಾವತಮ್ಮ ಸೀರಿಯಲ್ಲು ಮುಗಿಸಿಕೊಂಡು ನಿಧಾನವಾಗಿ ಏಳುತ್ತಿದ್ದರು.

ಇವೆಲ್ಲವನ್ನೂ ವರುಣ್ ಬಸ್ಸಾರಿನ ಬಲದಿಂದ ಗೆದ್ದ. ಅಡುಗೆಯ ಪಾಳಿ ಮೂವರದೂ ಎಂದು ಮಾತಾಗಿತ್ತು. ಆದರೆ ದಿನೇಶ್ ಮಾಡಿದ ಅನ್ನವನ್ನು ಕಾಗೆಯೂ ಮುಟ್ಟಲಿಲ್ಲ. ದೀಕ್ಷಿತ್ ಒಗ್ಗರಣೆ ಹಾಕಲು ಹೋಗಿ ತನ್ನ ಹುಬ್ಬಿಗೇ ಹಾಕಿಕೊಂಡ. ಹೀಗೆ ಅಡುಗೆಮನೆಯ ಸಿಂಹಾಸನ ವರುಣನೊಬ್ಬನದೇ ಆಯಿತು. ಅವನು ಅಜ್ಜಿಗೆ ಫೋನು ಮಾಡಿ ಮಸಾಲೆಯ ರಹಸ್ಯಗಳನ್ನೆಲ್ಲ ಒಂದೊಂದಾಗಿ ಬಿಡಿಸಿಕೊಂಡ. ರುಬ್ಬುವುದಕ್ಕೆ ಮಿಕ್ಸಿ ಬೇಕೆಂದಾಗ, ಎಗ್ಮೋರಿನಲ್ಲಿದ್ದ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು ಪಾವನಾಗೆ ಸಂಜೆ ಗಣಿತ ಹೇಳಿಕೊಡಲು ಒಪ್ಪಿಕೊಂಡ. ಪಾವನಾ ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ. ಗಣಿತಕ್ಕೆ ಯಾವ ಭಾಷೆಯಲ್ಲೂ ಉತ್ತರಿಸುತ್ತಿರಲಿಲ್ಲ. ಆದರೂ ವರುಣ್ ಸಹಿಸಿದ. ಕೊನೆಗೆ ಕಿತ್ತಳೆ ಬಣ್ಣದ ಒಂದು ಮಿಕ್ಸಿ ಮನೆಗೆ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು.

ಮಿಕ್ಸಿ ಬಂದಮೇಲೂ ಪಾಠ ಮುಂದುವರಿಯಿತು, ಏಕೆಂದರೆ ತೆಂಗಿನಕಾಯಿಯೂ ಪುಕ್ಕಟೆ ಬರುವುದಿಲ್ಲ. ಹಾಗಾಗಿ ವರುಣ್ ಕಾಲೇಜಿನಿಂದ ಬಂದವನೇ ಸೊಪ್ಪು ಬಿಡಿಸಿ, ಬೇಯಿಸಿ, ಬಸಿದು, ರುಬ್ಬಿ, ಕುದಿಸಿ, ಪಾತ್ರೆ ಮುಚ್ಚಿ ಎಗ್ಮೋರಿನ ಬಸ್ಸು ಹತ್ತುತ್ತಿದ್ದ. ಅವನು ತಿರುಗಿ ಬರುವಾಗ ಪಾತ್ರೆ ಬರಿದಾಗಿ, ಅವನ ಪಾಲು ಒಂದು ಬಟ್ಟಲಲ್ಲಿರುತ್ತಿತ್ತು. ಅಷ್ಟೇ ಅಲ್ಲ, ಪಾತ್ರೆಯನ್ನು ಸೀಗೆಪುಡಿಯ ವಾಸನೆ ಬರುವಂತೆ ಉಜ್ಜಿ, ಬೆಳ್ಳಿಯಂತೆ ತೊಳೆದು ಬೋರಲು ಹಾಕಿರುತ್ತಿದ್ದರು.

"ಹೆಂಗಿತ್ರೋ ಇವತ್ತು?" ಎಂದು ಅವನು ಬಾಗಿಲಲ್ಲೇ ಕೇಳುತ್ತಿದ್ದ.

"ಏನ್ ಹೇಳ್ಲಿ ಮಗಾ, ಮಾತೇ ಬರ್ತಿಲ್ಲ," ಎನ್ನುತ್ತಿದ್ದ ದಿನೇಶ್.

"ಕಾಳು ಸ್ವಲ್ಪ ಜಾಸ್ತಿ ಬೆಂದಿತ್ತಾ?"

"ಹದವಾಗಿತ್ತು ಮಾರಾಯ," ಎನ್ನುತ್ತಿದ್ದ ದೀಕ್ಷಿತ್, ಹೊಟ್ಟೆ ನೀವಿಕೊಂಡು.

ವರುಣನ ಎದೆ ತುಂಬಿ ಬರುತ್ತಿತ್ತು. ತಾವೇ ಉಂಡ ತಟ್ಟೆಯನ್ನು ಎರಡು ದಿನ ಮಂಚದ ಕೆಳಗೆ ಇಟ್ಟುಕೊಳ್ಳುವ ಈ ಸೋಮಾರಿಗಳು ಸಾರಿನ ಪಾತ್ರೆಯನ್ನು ಮಾತ್ರ ಹೀಗೆ ಹೊಳೆಯುವಂತೆ ಉಜ್ಜಿಡುತ್ತಾರೆಂದರೆ, ಆ ಸಾರಿನ ಮಹಿಮೆ ಎಂಥದು! ಭಾನುವಾರ ಮಾತ್ರ ಮೂವರೂ ಒಟ್ಟಿಗೆ ಕೂರುತ್ತಿದ್ದರು. ಆ ದಿನ ಇಬ್ಬರಿಗೂ ಯಾಕೋ ಹಸಿವೆ ಕಡಿಮೆ. ಒಮ್ಮೆ ಬಿಸಿಲು, ಒಮ್ಮೆ ಬೆಳಗಿನ ಇಡ್ಲಿ ಜಾಸ್ತಿಯಾದದ್ದು. ವಾರವೆಲ್ಲ ಪಾತ್ರೆಗಟ್ಟಲೆ ಉಣ್ಣುವವರು ಒಂದು ದಿನ ಹೊಟ್ಟೆಗೆ ವಿರಾಮ ಕೊಡುವುದು ನ್ಯಾಯವೇ ಎಂದು ವರುಣ್ ತಿಳಿದ. ಪಾತ್ರೆ ಸಣ್ಣದಾಯಿತೇನೋ ಎಂದು ಅನುಮಾನ ಬಂದು ದೊಡ್ಡದೊಂದು ಕೊಂಡುತಂದ. ಅದೂ ಬರಿದಾಗತೊಡಗಿತು.

ಹೀಗೆ ಮಳೆಗಾಲ ಕಳೆದು ಮಾರ್ಗಳಿ ಬಂತು. ನಮ್ಮಲ್ಲಿ ಧನುರ್ಮಾಸ ಎನ್ನುವ ಆ ಚಳಿಯ ತಿಂಗಳು, ಚೆನ್ನೈನಲ್ಲಿ ಚಳಿಯೊಂದನ್ನು ಬಿಟ್ಟು ಉಳಿದೆಲ್ಲ ಸಂಭ್ರಮದೊಂದಿಗೆ ಬರುತ್ತದೆ. ಒಂದು ದಿನ ಲ್ಯಾಬಿನಲ್ಲಿ ಅಜಿತ್ ಎಂಬ ಹೊಸೂರಿನ ಹುಡುಗ ವರುಣನ ಪಕ್ಕಕ್ಕೆ ಬಂದು ನಿಂತ. ಅಜಿತ್ ಹಾಸ್ಟೆಲಿನವನು, ಮಹಾಭಾಷಣದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಎಲ್ಲರಿಗಿಂತ ಬೇಗ ಕೂತು ಉಂಡವನು.

"ಗುರು, ತಪ್ಪು ತಿಳ್ಕೋಬೇಡ. ನಿನ್ ರೂಮಿನವರಿಗೆ ಒಂಚೂರು ಹೇಳು. ಸ್ವಲ್ಪ ನಿಧಾನಕ್ಕೆ ತಿನ್ನಕ್ಕೆ."

"ಎಲ್ಲಿ?"

"ಎಲ್ಲಿ ಅಂದ್ರೆ? ಮೆಸ್ಸಲ್ಲಿ. ದಿನಾ ಸಾಯಂಕಾಲ ಗೆಸ್ಟ್ ಟೋಕನ್ ತಗೊಂಡು ಮೊದಲ ಪಂಕ್ತಿಗೇ ಕೂತ್ಬಿಡ್ತಾರೆ. ನಾವು ಬರೋ ಹೊತ್ಗೆ ಒಂದು ಅಪ್ಪಳ ಉಳಿಯಲ್ಲ. ವತ್ತ ಕೊಳಂಬಿನ ದಿನ ಅಂತೂ ಕೇಳ್ಲೇಬೇಡ, ಆ ದಿನೇಶ ಬಕೆಟ್ ಪಕ್ಕದಲ್ಲೇ ಸೀಟು ಹಿಡಿತಾನೆ."

ವರುಣ್ ನಕ್ಕ. ಹೊಸೂರಿನವರು ಹೀಗೆಯೇ ಏನಾದರೂ ತಮಾಷೆ ಮಾಡುತ್ತಾರೆ ಎಂದುಕೊಂಡ. ಆದರೆ ಅಜಿತ್ ನಗಲಿಲ್ಲ. ಅಪ್ಪಳದ ವಿಷಯದಲ್ಲಿ ಅವನು ತಮಾಷೆ ಮಾಡುವವನೇ ಅಲ್ಲ. ವರುಣನ ನಗು ಅರ್ಧದಲ್ಲಿ ನಿಂತು, ಎಲ್ಲಿಗೆ ಹೋಗುವುದೆಂದು ತಿಳಿಯದೆ ತುಟಿಯ ಮೇಲೆಯೇ ಒಣಗಿತು.

ಅಂದು ಸಂಜೆಯೂ ಅವನು ಬಸ್ಸಾರು ಮಾಡಿದ. ಅನುಮಾನ ಬಂದರೂ ಮಸಾಲೆಯಲ್ಲಿ ಕೊರತೆ ಮಾಡುವ ಜಾತಿ ಅವನದಲ್ಲ. "ಬತ್ತೀನಿ ಕಣ್ರೋ" ಎಂದು ಹೇಳಿ ಮೆಟ್ಟಿಲಿಳಿದ. ಎಗ್ಮೋರಿನ ಬಸ್ಸು ಬಂತು, ಅವನು ಹತ್ತಲಿಲ್ಲ. ಪಾವನಾಗೆ ಇಂದು ಪಾಠವಿಲ್ಲ ಎಂದು ಸಂದೇಶ ಕಳಿಸಿದ. ಆ ಕಡೆಯಿಂದ ಕುಣಿಯುವ ಗೊಂಬೆಗಳ ಒಂದು ಸಾಲೇ ಬಂತು. ಬೀದಿಯ ತುದಿಯ ಚಹದಂಗಡಿಯಲ್ಲಿ ನಿಂತು ಕಾದ. ಸ್ವಲ್ಪ ಹೊತ್ತಿಗೆಲ್ಲ ದಿನೇಶ್, ದೀಕ್ಷಿತ್ ಇಬ್ಬರೂ ತಲೆ ಬಾಚಿಕೊಂಡು, ಮದುವೆಮನೆಗೆ ಹೊರಟವರ ಲವಲವಿಕೆಯಲ್ಲಿ ಹಾಸ್ಟೆಲಿನ ದಾರಿ ಹಿಡಿದದ್ದು ಕಾಣಿಸಿತು.

ಮೆಸ್ಸಿನ ಬಾಗಿಲಿಗೆ ವರುಣ್ ಬಂದು ನಿಂತಾಗ ಮೊದಲ ಪಂಕ್ತಿ ಅರ್ಧ ಮುಗಿದಿತ್ತು. ಬಕೆಟ್ಟಿನ ಪಕ್ಕದಲ್ಲೇ ದಿನೇಶ್ ಕೂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಅಪ್ಪಳವನ್ನು ಮುರಿದು, ಅದರಿಂದ ಕಪ್ಪು ಗೊಜ್ಜನ್ನು ಗೋರಿ ಬಾಯಿಯ ಹತ್ತಿರ ತಂದವನು ವರುಣನನ್ನು ಕಂಡು ಹಾಗೆಯೇ ಕಲ್ಲಾದ. ದೀಕ್ಷಿತ್ ಮಾತ್ರ ಅಭ್ಯಾಸಬಲದಿಂದ, "ಬಾ ಮಾರಾಯ, ಕೂತ್ಕೋ" ಎಂದು ಜಾಗ ಸರಿಸಿದ. ಆಮೇಲೆ ತಾನು ಏನು ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

"ಮಗಾ, ಇದು... ಇವತ್ತೊಂದೇ ದಿನ," ಎಂದ ದಿನೇಶ್.

ಆ ಕ್ಷಣಕ್ಕೆ ಸರಿಯಾಗಿ ಹಿಂದಿನಿಂದ ವಿಶ್ವನಾಥನ್ ಅವರ ದನಿ ಬಂತು. "ದಿನೇಶ್ ತಂಬಿ, ನಾಳೈಕ್ಕುಂ ರೆಂಡು ಟೋಕನ್ ತಾನೇ?" ನಾಳೆಗೂ ಎರಡೇ ತಾನೇ ಎಂಬ ಆ ಪ್ರಶ್ನೆ ತಿಳಿಯುವಷ್ಟು ತಮಿಳು ವರುಣನಿಗೂ ಬಂದಿತ್ತು.

"ಯಾವತ್ತಿಂದ್ಲಾ?" ಎಂದ ವರುಣ್. ದನಿ ಮೆಲ್ಲಗಿತ್ತು, ಬೆಂಚಿನ ಮೇಲೆ ಗುಡುಗಿದವನ ದನಿ ಅದು ಎಂದು ಯಾರೂ ನಂಬುತ್ತಿರಲಿಲ್ಲ.

"ಮೊದ್ಲು ವಾರಕ್ಕೊಂದ್ಸಲ ಬರ್ತಿದ್ವಿ. ಆಮೇಲೆ..."

"ಬಸ್ಸಾರಲ್ಲಿ ಏನ್ಲಾ ಕಮ್ಮಿ ಇತ್ತು? ದೀಕ್ಷಿತನ್ನ ಬಿಡು, ಅವನು ಪುತ್ತೂರು. ನೀನು ಹಾಸನದವನಾಗಿ ಬಸ್ಸಾರಿಗೆ ಹಿಂಗ್ ಮಾಡ್ಬೋದೇನ್ಲಾ?"

"ಕಮ್ಮಿ ಏನಿರ್ಲಿಲ್ಲ ಮಗಾ. ಇಲ್ಲಿದ್ದಾಗ ಇದನ್ನ ಬೈಕೊಂಡು ಬೈಕೊಂಡು ತಿಂದ್ವಿ ನೋಡು, ಬೈಯ್ತಾ ಬೈಯ್ತಾನೇ ನಾಲ್ಗೆ ಇದಕ್ಕೆ ಬಿದ್ದೋಗಿತ್ತು. ಹೊರಗೆ ಬಂದ್ಮೇಲೇ ಗೊತ್ತಾಗಿದ್ದು. ಕನಸಲ್ಲೆಲ್ಲ ಸುಂಡೆಕಾಯಿ ಬರ್ತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ದಿನೇಶ್ ಅಪ್ಪಳವನ್ನು ತಟ್ಟೆಗಿಳಿಸಿದ. ಮಾತಾಡಿದವನು ದೀಕ್ಷಿತ್.

"ಹೇಳ್ಲಿಕ್ಕೆ ನೀನು ಬಿಟ್ಟರಲ್ವಾ ಮಾರಾಯ? ದಿನಾ ಬಾಗಿಲಲ್ಲೇ ಹೇಗಿತ್ತು, ಹೇಗಿತ್ತು ಅಂತ ಮುಖ ನೋಡ್ತೀ. ಕಾಳು ಬೆಂದಿತ್ತಾ, ಉಪ್ಪು ಹಿಡಿದಿತ್ತಾ. ಹಾಸ್ಟೆಲಿನ ವಾರ್ಡನ್ನಾದ್ರೂ ಹಾಜರಿ ಒಂದೇ ಕೇಳ್ತಿದ್ದ. ನೀನು ಹೊಟ್ಟೆಯ ಒಳಗಿನ ಲೆಕ್ಕ ಕೇಳ್ತೀ."

ಈ ಬಾಣ ನೇರವಾಗಿ ತಾಗಿತು. ಆದರೆ ಅದನ್ನು ಕಿತ್ತು ನೋಡುವ ಮೊದಲೇ ಇನ್ನೊಂದು ಬಂತು.

"ಪೊಂಗಲ್ ಆದ್ಮೇಲೆ ನಮ್ಮಿಬ್ರಿಗೂ ಇಲ್ಲಿ ರೂಮ್ ಕೊಡ್ತಾರಂತೆ," ಎಂದ ದಿನೇಶ್, ಅಪ್ಪಳದ ಚೂರನ್ನೇ ನೋಡುತ್ತ. "ಅರ್ಜಿ ಕೊಟ್ಟಿದ್ದೀವಿ."

"ಇಬ್ರಿಗೂ? ನಂದು?"

"ನಿನ್ ಹೆಸರೂ ಸೇರಿಸ್ಬೇಕು ಅಂತಿದ್ವಿ. ಆದ್ರೆ ನೀನು ಬೆಂಚ್ ಮೇಲೆ ನಿಂತು ಆಣೆ ಮಾಡಿದ್ದೀಯಲ್ಲ, ಅದಕ್ಕೆ ಮರ್ಯಾದೆ ಕೊಟ್ವಿ."

ಜಗತ್ತಿನಲ್ಲಿ ಒಬ್ಬನ ಮರ್ಯಾದೆಯನ್ನು ಇಷ್ಟು ಅಂದವಾಗಿ ಕಾಪಾಡಿ ಅವನನ್ನು ನಡುಬೀದಿಯಲ್ಲಿ ನಿಲ್ಲಿಸಿದ ಇನ್ನೊಂದು ಉದಾಹರಣೆ ಸಿಗಲಿಕ್ಕಿಲ್ಲ. ದೀಕ್ಷಿತ್ ಸಮಾಧಾನ ಹೇಳುವ ಉತ್ಸಾಹದಲ್ಲಿ ಮತ್ತಷ್ಟು ಅಗೆದ.

"ನಾವು ಕಳೆದ ತಿಂಗಳೇ ಹೇಳಿ ಹೊರಡುವವರಿದ್ದೆವು. ಕಲಾವತಿ ಆಂಟಿಯೇ ಬಿಡ್ಲಿಲ್ಲ. ಮಾರ್ಗಳಿ ಬಂತು, ಮಾರ್ಗಳಿಯಲ್ಲಿ ಯಾರೂ ಮನೆ ಬಿಡಬಾರದು, ಮನೆಗೆ ಆಗೂದಿಲ್ಲ ಅಂತ ಕೈ ಹಿಡ್ಕೊಂಡ್ರು."

"ಅವ್ರಿಗೂ ಗೊತ್ತಾ?"

ದಿನೇಶ್ ದೀಕ್ಷಿತನ ಕಾಲನ್ನು ಬೆಂಚಿನ ಕೆಳಗೆ ಒದ್ದ. ಒದೆತದ ಸದ್ದು ವರುಣನಿಗೂ ಕೇಳಿಸಿತು.

"ಮತ್ತೆ... ನಾನು ಮಾಡಿದ ಸಾರು? ಪಾತ್ರೆ ದಿನಾ ಖಾಲಿ ಆಗ್ತಿತ್ತಲ್ಲ, ಅದೆಲ್ಲ ಎಲ್ಲೋಯ್ತು?"

ಇಬ್ಬರೂ ತಟ್ಟೆಯ ಮೇಲೆ ಬಗ್ಗಿದರು. ಬೆಳ್ಳಿಯಂತೆ ಹೊಳೆಯುವ ಪಾತ್ರೆ ವರುಣನ ಕಣ್ಣ ಮುಂದೆ ಬಂತು. ಅದರಲ್ಲಿ ಯಾವಾಗಲೂ ಇರುತ್ತಿದ್ದ ಸೀಗೆಪುಡಿಯ ವಾಸನೆ ಮೂಗಿಗೆ ಬಂತು. ಈ ಮೂವರ ಮನೆಯಲ್ಲಿ ಸೀಗೆಪುಡಿ ಎಂಬ ವಸ್ತು ಎಂದೂ ಇರಲಿಲ್ಲವೆಂಬುದು ಅವನಿಗೆ ಅಂದೇ, ಅಲ್ಲೇ, ಮೊದಲ ಬಾರಿಗೆ ಹೊಳೆಯಿತು.

ಅವನು ತಿರುಗಿ ಹೊರಟುಬಿಡಬೇಕಿತ್ತು. ಯಾವ ವೀರನಾದರೂ ಅದನ್ನೇ ಮಾಡುತ್ತಿದ್ದ. ಆದರೆ ಮಧ್ಯಾಹ್ನದ ಊಟ ಸರಿಯಾಗಿ ಆಗಿರಲಿಲ್ಲ. "ಉಕ್ಕಾರುಂಗೋ ತಲೈವರೇ" ಎಂದು ವಿಶ್ವನಾಥನ್ ಹಳೆಯ ನಾಯಕನನ್ನು ಭುಜ ಹಿಡಿದು ಕೂರಿಸಿದರು. ಟೋಕನ್ನು ಕೇಳಲಿಲ್ಲ. ತಟ್ಟೆ ಬಂತು, ಬಿಸಿ ಅನ್ನ ಬಂತು, ಅನ್ನದ ಗುಂಡಿಗೆ ಕಪ್ಪು ಗೊಜ್ಜು ಇಳಿಯಿತು, ಮೇಲೊಂದು ಚಮಚ ಎಳ್ಳೆಣ್ಣೆ. ವರುಣ್ ಸಿಟ್ಟಿನಿಂದಲೇ ಕಲಸಿದ. ಇಂಥದ್ದಕ್ಕಾಗಿ ನನ್ನನ್ನು ಮಾರಿದರಲ್ಲ ಎಂದು ತೋರಿಸುವುದಕ್ಕೆಂದೇ ಒಂದು ತುತ್ತು ಬಾಯಿಗಿಟ್ಟ.

ಹುಳಿ ಮೊದಲು ಬಂತು, ಹಿಂದೆಯೇ ಖಾರ, ಎರಡರ ಹಿಂದೆ ಸುಂಡೆಕಾಯಿಯ ಸಣ್ಣ ಕಹಿ. ಆ ಕಹಿ ನಾಲಿಗೆಯ ಅಂಚಿಗೆ ತಾಗಿದ್ದೇ ತಡ, ಅವನ ಬಾಯಲ್ಲಿ ನೀರು ಕಿತ್ತುಕೊಂಡು ಬಂತು. ಒಂದು ವರ್ಷ ಬೈದುಕೊಂಡು ನುಂಗಿದ್ದೆಲ್ಲ ಎಲ್ಲಿಯೂ ಹೋಗಿರಲಿಲ್ಲ. ಒಳಗೇ ಎಲ್ಲೋ ಮನೆ ಮಾಡಿಕೊಂಡು ಅವನಿಗಾಗಿ ಕಾದು ಕೂತಿತ್ತು. ಎರಡನೆಯ ತುತ್ತು ಬೇಗ ಹೋಯಿತು. ಮೂರನೆಯದು ಇನ್ನೂ ಬೇಗ. ತಟ್ಟೆಯ ತಳ ಕಂಡಾಗ ವರುಣ್ ತಲೆಯೆತ್ತಿದ. ಇಡೀ ಹಾಲ್ ಅವನನ್ನೇ ನೋಡುತ್ತಿತ್ತು. ಅಜಿತ್ ಅಪ್ಪಳವನ್ನು ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದಿದ್ದ.

ಎಲ್ಲ ದ್ರೋಹಿಗಳನ್ನೂ ಅವನು ಅಂದು ಕಣ್ಣಾರೆ ಕಂಡಿದ್ದ, ಒಬ್ಬನನ್ನು ಬಿಟ್ಟು. ಆ ಒಬ್ಬ ಅವನ ಹಲ್ಲುಗಳ ಹಿಂದೆಯೇ ಅಡಗಿದ್ದ.

"ಸಾರ್," ಎಂದಿತು ನಾಲಿಗೆ, ಒಡೆಯನ ಅಪ್ಪಣೆಗೆ ಕಾಯದೆ, "ಇನ್ನೊಂಚೂರು ಹಾಕಿ."

ಚಪ್ಪಾಳೆ ಬಿತ್ತು. ಕೆರೆಯ ಕೆಸರಿನ ಭಾಷಣಕ್ಕೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ.

ಮನೆಗೆ ಬಂದಾಗ ಕಲಾವತಮ್ಮ ನೆಲಮಹಡಿಯ ಊಟದ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಅವರ ನಾದಿನಿ ಜಯಲಕ್ಷ್ಮೀ, ಊರಂಚಿನ ಮಾಧವರಂನಿಂದ ಬಂದವರು. ನಡುವೆ ವರುಣನ ದೊಡ್ಡ ಪಾತ್ರೆ. ಜಯಲಕ್ಷ್ಮಿಯವರ ಪಕ್ಕದಲ್ಲಿ ಒಂದು ಟಿಫನ್ ಕ್ಯಾರಿಯರ್ ಬಾಯಿ ತೆರೆದುಕೊಂಡಿತ್ತು. ಬಸ್ಸಾರು ಬಸ್ಸು ಹತ್ತಿ ಮಾಧವರಂವರೆಗೆ ಹೋಗುತ್ತಿದೆ ಎಂಬುದು ಅವನಿಗೆ ತಿಳಿದದ್ದು ಹೀಗೆ.

ಸಿಕ್ಕಿಬಿದ್ದವರಲ್ಲಿ ಕೆಲವರು ಅಳುತ್ತಾರೆ, ಕೆಲವರು ಜಗಳಕ್ಕೆ ಬರುತ್ತಾರೆ. ಕಲಾವತಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿದರು.

"ವಾ ಕಣ್ಣಾ. ಕೂತ್ಕೋ. ಊಟ ಆಯ್ತಾ?"

"ಅಮ್ಮಾ, ನಿಮಗೆ ಯಾವಾಗಿಂದ ಗೊತ್ತು?"

"ಮೊದಲ ವಾರದಿಂದಲೇ. ಆ ಪುತ್ತೂರು ಪಯ್ಯನ್ ತಂದ್ಕೊಟ್ಟ, ಆಂಟಿ ಸ್ವಲ್ಪ ಜಾಸ್ತಿ ಆಗಿದೆ, ಚೆಲ್ಲೋಕೆ ಮನಸು ಬರಲ್ಲ ಅಂತ. ಬಾಯಿಗಿಟ್ಟೆ. ಅಯ್ಯೋ, ನಮ್ಮ ಅಮ್ಮನ ಕೈ! ಈ ಮನೇಲಿ ಕಾಲಿಟ್ಟ ಮೇಲೆ ಬಸ್ಸಾರು ಕಣ್ಣಲ್ಲಿ ನೋಡಿಲ್ಲ ಪಾ. ನಮ್ಮ ಅತ್ತೆ ಕೀರೆಸೊಪ್ಪು ಬಸಿದ ನೀರು ದನಕ್ಕೆ ಅಂತ ಬೈಯ್ತಾ ಇದ್ರು."

"ನಮ್ಮಮ್ಮ ಹಾಗೆ ಬೈದಿದ್ದು ನಿಜ," ಎಂದರು ಜಯಲಕ್ಷ್ಮೀ ತಮಿಳಿನಲ್ಲಿ, ಬೆರಳು ನೆಕ್ಕುತ್ತ. "ಈಗ ಇದ್ದಿದ್ದರೆ ಇದನ್ನು ಕೊಡುತ್ತಿದ್ದೆ."

"ಅವ್ರಿಬ್ರೂ ನನಗೆ ಸುಳ್ಳು ಹೇಳ್ತಾವ್ರೆ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ ಅಮ್ಮಾ?"

ಕಲಾವತಮ್ಮ ಅವನನ್ನು ನಿಜವಾದ ಆಶ್ಚರ್ಯದಿಂದ ನೋಡಿದರು. "ಹೇಳಿದ್ರೆ ಸಾರು ನಿಂತ್ಹೋಗುತ್ತೆ ಅಲ್ಲ ಕಣ್ಣಾ?"

ವರುಣ್ ಮೇಜಿನ ಪಕ್ಕ ಕೂತ. ಮೋಸ ಮಾಡಿದವರಲ್ಲಿ ಅವನಿಗೆ ಮುಚ್ಚುಮರೆಯಿಲ್ಲದೆ ನಿಜ ಹೇಳಿದ ಮೊದಲ ಮನುಷ್ಯರು ಇವರೇ. ಆ ನಿಜವೂ ಮುದ್ದೆಯ ಜೊತೆ ಗಂಟಲಿಳಿಯಿತು.

"ಮಾರ್ಗಳಿಯಲ್ಲಿ ಮನೆ ಬಿಡಬಾರದು ಅಂದಿದ್ದು?"

"ಅದು ಶಾಸ್ತ್ರ ಪಾ," ಎಂದರು ಕಲಾವತಮ್ಮ ಗಂಭೀರವಾಗಿ. ಇನ್ನೊಂದು ತುತ್ತು ನುಂಗಿ, "ಸಾರೂ ಒಂದು ತಿಂಗಳು ಜಾಸ್ತಿ ಸಿಗುತ್ತೆ" ಎಂದು ಸೇರಿಸಿದರು.

ವರುಣ್ ಅಪ್ಪನಿಗೆ ಮರುದಿನವೇ ಫೋನು ಮಾಡಿದ. ಸುಳ್ಳು ಹೇಳುವ ಆಸೆಯಿತ್ತು. ಆದರೆ ಆ ಊರಿನಲ್ಲಿ ಸುಳ್ಳು ಹೇಳುವವರು ಆಗಲೇ ಬೇಕಾದಷ್ಟು ಮಂದಿ ಇದ್ದರು. ಎಲ್ಲ ಕೇಳಿದ ಅಪ್ಪ, "ಅಂಗಾದ್ರೆ ಏನ್ಲಾ, ಅಡಿಗೆ ಕಲ್ತೆ ಅನ್ನು. ಗಂಟು ಕಟ್ಟು" ಎಂದರು. ಮೂರು ಜನ ಎಂದಿದ್ದ ಮಾತು ಮಾತೇ. ಅದರಲ್ಲಿ ಇಬ್ಬರು ಆಗಲೇ ಕೈಕೊಟ್ಟಿದ್ದರು. ನಡುವರ್ಷದಲ್ಲಿ ಬೇರೆ ಜೊತೆ ಹುಡುಕುವ ಉಮೇದು ವರುಣನಿಗೂ ಇರಲಿಲ್ಲ. ಯಾರನ್ನು ಕರೆತಂದರೂ ಅವರ ಹೊಟ್ಟೆಯೊಳಗೆ ಇಣುಕಿ ನೋಡದೆ ತನಗೆ ನಿದ್ದೆ ಬರುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಹಾಸ್ಟೆಲಿನಲ್ಲಿ ಅವನಿಗೆ ಸಿಕ್ಕಿದ್ದು ಯಾರೂ ಒಲ್ಲದ, ಮೆಸ್ಸಿನ ಗೋಡೆಗೆ ಅಂಟಿಕೊಂಡ ಕೋಣೆ. ಕೊಳಂಬು ಕುದಿಯುವ ವಾಸನೆ ಕಿಟಕಿಯಿಂದ ನೇರವಾಗಿ ದಿಂಬಿಗೆ ಬರುತ್ತದೆಂದು ಅಜಿತ್ ಎಚ್ಚರಿಸಿದ. ವರುಣ್ ಕೂಡಲೇ ಒಪ್ಪಿಕೊಂಡ.

ಪೊಂಗಲ್ ಕಳೆದ ಮೇಲೆ, ದಿನೇಶ್ ಮತ್ತು ದೀಕ್ಷಿತ್ ಆಟೋದಲ್ಲಿ ಹಾಸಿಗೆ ಹೇರುತ್ತಿದ್ದ ಬೆಳಿಗ್ಗೆ, ಕಲಾವತಮ್ಮ ಮೆಟ್ಟಿಲು ಹತ್ತಿ ಬಂದರು. ಅವರ ಕಣ್ಣು ಕೆಂಪಗಿತ್ತು. ವರುಣನ ಮನಸ್ಸು ಅರೆಗಳಿಗೆ ಕರಗಿತು. ಇವರಾದರೂ ನನ್ನನ್ನು ನೆನೆದು ಅತ್ತಿದ್ದಾರೆ ಎಂದುಕೊಂಡ.

"ಹೋಗಲೇಬೇಕಾ ಕಣ್ಣಾ?"

"ಹೋಗ್ಬೇಕಮ್ಮಾ."

"ಸೆರಿ. ಹಾಸ್ಟೆಲಲ್ಲಿ ಮಿಕ್ಸಿ ಬಿಡಲ್ಲ ಅಲ್ಲ? ಅದು ಇಲ್ಲೇ ಇರಲಿ. ಹೋಗೋಕೆ ಮುಂಚೆ ಆ ಮಸಾಲೆ ಹೆಂಗೆ ಮಾಡೋದು ಅಂತ ನಿಧಾನವಾಗಿ ಒಂದ್ಸಲ ಹೇಳ್ಬಿಡು ಪಾ."

ಕರಗಿದ್ದು ಮತ್ತೆ ಹೆಪ್ಪುಗಟ್ಟಿತು. ವರುಣ್ ಚೀಲ ಕೆಳಗಿಟ್ಟು, ಗೋಡೆಗೊರಗಿ ನಿಂತು, ಬಹಳ ವಿನಯದಿಂದ ಹೇಳಿಕೊಟ್ಟ. ಒಣಮೆಣಸಿನಕಾಯಿ ಹುರಿಯುವ ಹದ ಹೇಳಿದ. ಕೊತ್ತಂಬರಿ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಈರುಳ್ಳಿ ಹೇಳಿದ. ತೆಂಗಿನತುರಿಯನ್ನು ಕೊನೆಗೆ ಹಾಕಬೇಕೆಂದ, ಹುಣಸೆಹಣ್ಣು ನೆಲ್ಲಿಕಾಯಿ ಗಾತ್ರ ಸಾಕೆಂದ. ಕಲಾವತಮ್ಮ ಒಂದೊಂದಕ್ಕೂ "ಆಮಾ, ಆಮಾ" ಎಂದು ತಲೆಯಾಡಿಸಿ, ಬೆರಳು ಮಡಚಿ, ಬಾಯಿಪಾಠ ಮಾಡಿಕೊಂಡರು.

ಬೆಂದ ಸೊಪ್ಪು ಕಾಳಿನಲ್ಲಿ ಒಂದು ಹಿಡಿ ತೆಗೆದು ಮಸಾಲೆಯ ಜೊತೆಗೇ ರುಬ್ಬಬೇಕು. ಇಲ್ಲದಿದ್ದರೆ ಬಸ್ಸಾರು ಮೈಗೂಡದೆ ಬರೀ ಬಣ್ಣದ ನೀರಾಗಿ ಉಳಿಯುತ್ತದೆ. ಅಜ್ಜಿ ಈ ಗುಟ್ಟನ್ನು ಎಲ್ಲಕ್ಕಿಂತ ಕೊನೆಗೆ, ಮೂರು ಸಲ ಒತ್ತಿ ಹೇಳಿದ್ದರು.

"ಅಷ್ಟೇ ತಾನೇ ಕಣ್ಣಾ?" ಎಂದರು ಕಲಾವತಮ್ಮ. "ಬೇರೆ ಏನೂ ಇಲ್ಲವಾ?"

ವರುಣ್ ಚೀಲ ಹೆಗಲಿಗೇರಿಸಿದ. ಇಷ್ಟು ದಿನ ಬೇರೆಯವರು ಅವನಿಂದ ಮುಚ್ಚಿಡುತ್ತಿದ್ದರು. ತಾನೇ ಮುಚ್ಚಿಟ್ಟರೆ ಇಷ್ಟು ಹಗುರವಾಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅಷ್ಟೇ ಅಮ್ಮಾ," ಎಂದ.